ಹಸಿ ಕಪಾಟಿಗೆ ಪ್ಲಾಸ್ಟಿಕ್ ಸುತ್ತುವ ಮುನ್ನ

ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಕೊಡಗಿನಲ್ಲಿ ಮನೆ ಸಾಮಾನು ಸಾಗಿಸುವ ನಮ್ಮಂಥವರಿಗೆ ಪುರುಸೊತ್ತಿಲ್ಲ. ಒಂದು ಕಡೆ ಮಕ್ಕಳ ಶಾಲೆ ಶುರುವಾಗುತ್ತದೆ, ವರ್ಗಾವಣೆ ಆದೇಶಗಳು ಬರುತ್ತವೆ. ಇನ್ನೊಂದು ಕಡೆ ಆಷಾಢ ಹುಟ್ಟುವ ಮುಂಚೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಿಬಿಡಬೇಕು. ಆಷಾಢದಲ್ಲೋ ಕೊಡವರ ಕಕ್ಕಡ ತಿಂಗಳಲ್ಲೋ ಮನೆ ಬದಲಾಯಿಸಲು ಯಾರಿಗೂ ಮನಸ್ಸಿಲ್ಲ. ಹೀಗಾಗಿ ಅರ್ಧ ಜಿಲ್ಲೆ ಮುಂಗಾರು ಹಿಡಿದ ಮೊದಲ ವಾರಗಳಲ್ಲೇ ಗಂಟುಮೂಟೆ ಕಟ್ಟುತ್ತದೆ. ಮುಹೂರ್ತದ ತಕರಾರು ನಮ್ಮದಲ್ಲ. ಆದರೆ ಸಾಧ್ಯವಿರುವವರು ಏಪ್ರಿಲ್‌ನಲ್ಲಿ ಹೊರಟರೆ ಈ ಅಂಕಣ ಓದುವ ಅಗತ್ಯವೇ ಇರುವುದಿಲ್ಲ.

ಜೂನ್‌ನಲ್ಲಿ ಹೊರಡುವವರ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: "ಪ್ಲಾಸ್ಟಿಕ್ ಚೆನ್ನಾಗಿ ಸುತ್ತಿ ಅಣ್ಣ, ಒಂದು ಹನಿ ನೀರು ಒಳಗೆ ಹೋಗಬಾರದು." ಸುತ್ತುತ್ತಾರೆ. ಕಪಾಟಿನ ತಲೆಯಿಂದ ಕಾಲಿನವರೆಗೆ ಸ್ಟ್ರೆಚ್ ಫಿಲ್ಮ್ ಐದಾರು ಸುತ್ತು, ಅದರ ಮೇಲೆ ಬಬಲ್ ರ‍್ಯಾಪ್, ಅದರ ಮೇಲೆ ಕಂದು ಟೇಪು. ಮನೆಯವರಿಗೆ ಸಮಾಧಾನ. ಹತ್ತು ದಿನ ಕಳೆದು ಪುಣೆಯಿಂದಲೋ ಹೈದರಾಬಾದಿನಿಂದಲೋ ಫೋನು ಬರುತ್ತದೆ, ಕಪಾಟಿನ ತುಂಬ ಬೂಷ್ಟು, ಲಾರಿಯಲ್ಲಿ ನೀರು ನುಗ್ಗಿದೆ ಎಂದು. ಲಾರಿಯಲ್ಲಿ ನೀರು ನುಗ್ಗಿರುವುದಿಲ್ಲ. ಆ ನೀರು ಮಡಿಕೇರಿಯಿಂದಲೇ ಕಪಾಟಿನೊಳಗೆ ಕುಳಿತು ಹೋಗಿರುತ್ತದೆ.

ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿನವರು ನೀರು ಮೇಲಿನಿಂದಲೇ ಬರುತ್ತದೆ ಎಂದುಕೊಳ್ಳುವುದು ಸಹಜ. ಸಾಮಾನು ಕೆಡಿಸುವ ನೀರು ಮಾತ್ರ ಮರದೊಳಗೆ, ಬಟ್ಟೆಯೊಳಗೆ, ಪುಸ್ತಕದೊಳಗೆ ಮೊದಲೇ ಇರುತ್ತದೆ. ನಂಬಿಕೆ ಬರದಿದ್ದರೆ ಗೋಡೆಗೆ ಒತ್ತಿ ನಿಲ್ಲಿಸಿದ ಯಾವುದಾದರೂ ಕಪಾಟನ್ನು ಒಂದು ಗೇಣು ಮುಂದಕ್ಕೆ ಎಳೆದು ಹಿಂಬದಿಯ ಪ್ಲೈವುಡ್ ಹಲಗೆಗೆ ಅಂಗೈ ಹಿಂಭಾಗ ತಾಗಿಸಿ ನೋಡಿ. ಎದುರಿನ ಪಾಲಿಶ್ ಬಾಗಿಲಿಗಿಂತ ಅದು ತಣ್ಣಗಿರುತ್ತದೆ. ಟಾರ್ಚ್ ಓರೆಯಾಗಿ ಹಿಡಿದರೆ ಬೂದಿ ಬಣ್ಣದ ತೆಳು ಹುಡಿ ಕಾಣುತ್ತದೆ, ಕೆಳಗಿನ ಎರಡು ಮೂಲೆಗಳಲ್ಲಿ ಹೆಚ್ಚು. ಬೂಷ್ಟಿನ ಬೀಜ ಅದು. ಪ್ಲಾಸ್ಟಿಕ್ ಸುತ್ತಿದರೆ ಅದಕ್ಕೆ ಬೇಕಾದ ತೇವ, ಕತ್ತಲೆ, ಬೆಚ್ಚನೆ ಮೂರನ್ನೂ ನೀವೇ ಒದಗಿಸಿದಂತಾಯಿತು.

ಲೆಕ್ಕ ಹೇಳಿದರೆ ಮಾತ್ರ ಒಪ್ಪುವವರಿಗಾಗಿ ಲೆಕ್ಕ. ಮರ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ 85ರ ಮೇಲೆ ವಾರಗಟ್ಟಲೆ ನಿಂತಾಗ ಮರದ ತೇವಾಂಶ ಶೇ 18ರ ಹತ್ತಿರ ಬರುತ್ತದೆ. ಆರ್ದ್ರತೆ ಶೇ 55 ಇರುವ ಮನೆಯಲ್ಲಿ ಅದೇ ಮರ ಸುಮಾರು ಶೇ 10ಕ್ಕೆ ಇಳಿಯುತ್ತದೆ. ನಿಮ್ಮ ತೇಗದ ಕಪಾಟು 60 ಕಿಲೋ ಇದ್ದರೆ ಈ ಎರಡರ ನಡುವಿನ ವ್ಯತ್ಯಾಸ ಸುಮಾರು 4 ಲೀಟರ್ ನೀರು. ಒಂದು ಕಪಾಟಿನಲ್ಲಿ 4 ಲೀಟರ್! ಎರಡು ಮಂಚ, ಊಟದ ಮೇಜು, ಅಜ್ಜಿ ಕಾಲದ ಬೀಟೆ ಪೆಟ್ಟಿಗೆ ಎಲ್ಲ ಸೇರಿದರೆ ಒಂದು ಕೊಡ ತುಂಬೀತು. ಇಷ್ಟು ನೀರು ಹೊತ್ತ ಲಾರಿ ಹುಣಸೂರು ದಾಟಿ ಬಯಲಿಗೆ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಂಟೇನರ್‌ನ ತಗಡು ಕಾಯುತ್ತದೆ, ಮರದಿಂದ ಆವಿ ಹೊರಟು ಫಿಲ್ಮ್‌ನ ಒಳಗೆ ತುಂಬುತ್ತದೆ. ರಾತ್ರಿ ತಣ್ಣಗಾದಾಗ ಅದೇ ಆವಿ ಫಿಲ್ಮ್‌ನ ಒಳಮೈಗೆ ಹನಿಗಟ್ಟಿ ಕಪಾಟಿನ ಕಾಲಿಗೆ ಇಳಿಯುತ್ತದೆ. ಮರುದಿನ ಮತ್ತೆ ಬಿಸಿಲು. ಒದ್ದೆ ಮೈಯಲ್ಲಿ ಬೂಷ್ಟು ಏಳಲು ಒಂದೆರಡು ದಿನ ಸಾಕು.

ಬೇಸರ ಬರುವುದು ಇಲ್ಲಿ. ಹೀಗೆ ಸುತ್ತಿಸುವ ಇವರೇ ಕಾಫಿ ಬೆಳೆಯುವವರು. ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ) ತೇವಾಂಶದಲ್ಲಿ ಶೇ 10ರ ಆಸುಪಾಸಿಗೆ ಬಾರದೆ ಚೀಲದ ಬಾಯಿ ಕಟ್ಟಲು ಬಿಡುವುದಿಲ್ಲ, ಹಲ್ಲಲ್ಲಿ ಕಚ್ಚಿ ನೋಡುತ್ತಾರೆ, ಮೀಟರ್ ಇಟ್ಟು ನೋಡುತ್ತಾರೆ, ಮೋಡ ಕಂಡರೆ ರಾಶಿ ಮಾಡಿ ಹೊದಿಸಿ ಬಿಸಿಲು ಬಂದ ಕೂಡಲೇ ಮತ್ತೆ ಹರಡುತ್ತಾರೆ. ಹಸಿ ಕಾಫಿಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಪಾಟಿನ ಮಾತು ಬಂದಾಗ ಮಾತ್ರ ಅದೆಲ್ಲ ಮರೆತುಹೋಗುತ್ತದೆ.

"ಸಿಲಿಕಾ ಜೆಲ್ ಹಾಕಿದ್ದೇವಲ್ಲ" ಎನ್ನುವವರೂ ಇದ್ದಾರೆ. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಭಾಗ ನೀರು ಹೀರಿದರೆ ಹೆಚ್ಚು. ಮೇಲಿನ 4 ಲೀಟರ್‌ಗೆ 12 ಕಿಲೋ ಬೇಕು. ಶೂ ಡಬ್ಬಿಯಲ್ಲಿ ಸಿಗುವ 5 ಗ್ರಾಂ ಪೊಟ್ಟಣ ನಾಲ್ಕು ಹಾಕಿ ಏನೂ ಆಗದು. ಕ್ಯಾಮೆರಾ, ಆಲ್ಬಮ್, ದಾಖಲೆ ಪತ್ರಗಳಂಥ ಚಿಕ್ಕ ಸಾಮಾನನ್ನು ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ, ಅದೂ ಆ ಸಾಮಾನು ಮೊದಲೇ ಒಣಗಿದ್ದರೆ.

ಹಾಗಾದರೆ ಏನು ಮಾಡಬೇಕು? ಹೊರಡುವ ದಿನಕ್ಕೆ ಮೂರು ವಾರ ಮುಂಚೆ ಶುರು ಮಾಡಿ. ಎಲ್ಲ ಮರದ ಸಾಮಾನನ್ನು ಗೋಡೆಯಿಂದ ಒಂದು ಅಡಿ ಸರಿಸಿ. ಬಾಗಿಲು ತೆರೆದಿಡಿ, ಡ್ರಾಯರ್‌ಗಳನ್ನು ಹೊರಗೆಳೆದು ಬೇರೆಯಾಗಿ ನಿಲ್ಲಿಸಿ. ಮೇ ತಿಂಗಳಲ್ಲಿ ಬಿಸಿಲಿದ್ದರೆ ಕಣ ಹೇಗೂ ಖಾಲಿ, ಹಾಸಿಗೆ, ದಿಂಬು, ಕಂಬಳಿಗಳನ್ನು ಅಲ್ಲಿಗೆ ಸಾಗಿಸಿ ಎರಡೂ ಮಗ್ಗುಲು ಒಣಗಿಸಿ. ಪಾಲಿಶ್ ಮಾಡಿದ ಮರವನ್ನು ಮಾತ್ರ ನೇರ ಬಿಸಿಲಿಗೆ ಇಡಬೇಡಿ, ಸೀಳುತ್ತದೆ. ಮಳೆ ಹಿಡಿದ ಮೇಲಾದರೆ ಒಂದು ಕೋಣೆ ಆರಿಸಿ, ಕಿಟಕಿ ಮುಚ್ಚಿ, ಗಾಳಿಯ ತೇವ ಎಳೆಯುವ ಡಿಹ್ಯೂಮಿಡಿಫೈಯರ್ ಓಡಿಸಿ. ಕಿಟಕಿ ತೆರೆದಿಟ್ಟು ಅದನ್ನು ಓಡಿಸುವವರಿದ್ದಾರೆ, ಅವರು ಇಡೀ ಮಡಿಕೇರಿಯನ್ನು ಒಣಗಿಸಲು ಹೊರಟವರು. ದಿನಕ್ಕೆ 10-12 ಲೀಟರ್ ಎಳೆಯುವ ಯಂತ್ರ 12 ಅಡಿಗೆ 12 ಅಡಿಯ ಕೋಣೆಗೆ ಸಾಕು. ಯಂತ್ರವಿಲ್ಲದಿದ್ದರೆ ಫ್ಯಾನ್ ಗಾಳಿ ಕಪಾಟಿನ ಹಿಂಬದಿಗೆ ಬೀಳುವಂತೆ ಇಡಿ. ಅಗ್ಗಿಷ್ಟಿಕೆಯನ್ನೋ ರೂಮ್ ಹೀಟರನ್ನೋ ಮರದ ಪಕ್ಕಕ್ಕೇ ತಂದಿಟ್ಟರೆ ಒಂದು ಮಗ್ಗುಲು ಮಾತ್ರ ಒಣಗಿ ಹಲಗೆ ಡೊಂಕಾಗುತ್ತದೆ.

ದಪ್ಪ ಮರ ಮೂರು ವಾರದಲ್ಲಿ ಒಳಗಿನ ತನಕ ಒಣಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಎರಡು ಅಂಗುಲದ ಬೀಟೆ ಹಲಗೆಗೆ ತಿಂಗಳುಗಳೇ ಬೇಕು. ಆದರೆ ಬೂಷ್ಟು ಏಳುವುದು ಮೇಲ್ಮೈಯಲ್ಲಿ. ಮೇಲ್ಮೈ ಒಣಗಿದ್ದು, ಒಳಗಿನಿಂದ ಬರುವ ತೇವಕ್ಕೆ ಹೊರಹೋಗಲು ದಾರಿ ಇದ್ದರೆ ಸಾಕು. ಸುತ್ತುವ ಕ್ರಮ ಅದಕ್ಕೆ ತಕ್ಕಂತೆ ಇರಲಿ. ಮೊದಲು ಹಳೆಯ ಹತ್ತಿ ಸೀರೆ, ಬೆಡ್‌ಶೀಟು ಅಥವಾ ಪ್ಯಾಕಿಂಗ್ ಕಂಬಳಿ. ಅದರ ಮೇಲೆ ಮೂಲೆಗಳಿಗೆ ಮಾತ್ರ ಥರ್ಮೋಕೋಲ್ ಅಥವಾ ರಟ್ಟಿನ ಮಡಿಕೆ. ಆಮೇಲೆ ಸುರುಳಿ ರಟ್ಟು. ಹಿಡಿದು ನಿಲ್ಲಿಸಲು ಹಗ್ಗ, ಇಲ್ಲವೇ ಸ್ಟ್ರೆಚ್ ಫಿಲ್ಮನ್ನೇ ಅಂಗೈ ಅಗಲದ ಪಟ್ಟಿಯಾಗಿ ಮೂರು ಕಡೆ. ಮೇಲೂ ಕೆಳಗೂ ತೆರೆದಿರಬೇಕು. ಬಬಲ್ ರ‍್ಯಾಪ್ ನೇರವಾಗಿ ಪಾಲಿಶ್‌ಗೆ ತಾಗಿದರೆ ಸೆಕೆಗೆ ಗುಳ್ಳೆಗಳ ಗುರುತು ಉಳಿಯುತ್ತದೆ, ನಡುವೆ ಬಟ್ಟೆಯಾಗಲಿ ಕಾಗದವಾಗಲಿ ಇರಲಿ. ಮಳೆ ತಡೆಯುವುದು ಲಾರಿಯ ಕೆಲಸ. ಮುಚ್ಚಿದ ಕಂಟೇನರ್ ಗೊತ್ತು ಮಾಡಿ, ಜಗಲಿಯಿಂದ ಲಾರಿ ಬಾಗಿಲಿನವರೆಗೆ ಟಾರ್ಪಾಲು ಚಪ್ಪರದಂತೆ ಕಟ್ಟಿಸಿ.

ಬಟ್ಟೆಯದೂ ಇದೇ ಕಥೆ. ಜೂನ್‌ನಲ್ಲಿ ಹಗ್ಗದಿಂದ ತೆಗೆದ ಬಟ್ಟೆ ಒಣಗಿದೆ ಎಂದು ಕೈಗೆ ಅನಿಸಿದರೂ ಒಣಗಿರುವುದಿಲ್ಲ. ಇಸ್ತ್ರಿ ಮಾಡಿ, ಪೂರ್ತಿ ಆರಿದ ಮೇಲೆ ಪೆಟ್ಟಿಗೆಗೆ ಹಾಕಿ. ಬಿಸಿ ಇರುವಾಗಲೇ ತುಂಬಿದರೆ ಆ ಆವಿಯೂ ಒಳಗೇ. ಜರಿ ಸೀರೆ, ಕುಪ್ಯ (ಕೊಡವ ಗಂಡಸರ ಉದ್ದ ಅಂಗಿ), ಚೇಲೆ (ಅದರ ನಡುಪಟ್ಟಿ)ಗಳನ್ನು ಮಲ್ಲು ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಜರಿಗೆ ತಾಗದಂತೆ ನೋಡಿಕೊಳ್ಳಿ. ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಕೊಡವ ಕಿರುಗತ್ತಿ), ಬೆಳ್ಳಿ, ಒಡವೆ ಲಾರಿಗೆ ಹತ್ತುವ ಸಾಮಾನಲ್ಲ.

ರಟ್ಟಿನ ಪೆಟ್ಟಿಗೆಗಳನ್ನು ವಾರ ಮುಂಚೆ ತಂದು ಜಗಲಿಯಲ್ಲಿ ಪೇರಿಸುವುದು ಇನ್ನೊಂದು ಚಾಳಿ. ರಟ್ಟು ಗಾಳಿಯ ತೇವ ಕುಡಿಯುತ್ತದೆ, ಶೇ 90ರ ಆರ್ದ್ರತೆಯಲ್ಲಿ ಅದರ ಭಾರ ಹೊರುವ ಶಕ್ತಿ ಅರ್ಧದಷ್ಟು ಕುಸಿಯುತ್ತದೆ. ಮೂರು ಪದರದ ಪೆಟ್ಟಿಗೆ ಕೊಡಗಿನ ಮಳೆಗಾಲಕ್ಕೆ ಆಗದು, ಐದು ಪದರದ್ದು ತೆಗೆದುಕೊಳ್ಳಿ, ಒಳಕೋಣೆಯಲ್ಲಿ ಮರದ ಹಲಗೆಯ ಮೇಲೆ ಇಡಿ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ, 15 ಕಿಲೋ ಮೀರದಂತೆ. ತಳದ ಸೀಳಿಗೆ ಉದ್ದಕ್ಕೂ ಟೇಪು ಹಾಕಿ, ಎರಡು ಅಂಚಿಗೂ ಅಡ್ಡ ಟೇಪು. ತೇವದ ರಟ್ಟಿಗೆ ಟೇಪು ಕಚ್ಚುವುದಿಲ್ಲ, ಒರೆಸಿ ಅಂಟಿಸಿ.

ಲಾರಿ ಗೊತ್ತು ಮಾಡುವಾಗ ಎಷ್ಟು ಕೋಣೆ ಎಂದು ಹೇಳುತ್ತಾರೆ, ದಾರಿ ಹೇಗಿದೆ ಎಂದು ಹೇಳುವುದಿಲ್ಲ. 17 ಅಡಿಯ ಕಂಟೇನರ್ ತೋಟದ ಗೇಟಿನಲ್ಲಿ ತಿರುಗದು. ತಿರುಗಿದರೂ ಹಲಸಿನ ಕೊಂಬೆಯೋ ಜೋತುಬಿದ್ದ ಕರೆಂಟು ತಂತಿಯೋ ತಲೆಗೆ ತಾಗುತ್ತದೆ. ಮಣ್ಣಿನ ಏರು ದಾರಿಯಲ್ಲಿ ಭಾರ ತುಂಬಿಕೊಂಡು ಇಳಿಯುವಾಗ ಜಾರಿದರಂತೂ ಆ ದಿನ ಮುಗಿಯಿತು. ಹಾಗಾಗಿ ಒಳಮನೆಗಳಿಂದ ಮುಖ್ಯ ರಸ್ತೆಯವರೆಗೆ ಪಿಕಪ್, ಅಲ್ಲಿಂದ ಕಂಟೇನರ್. ಈ ಬದಲಿ ಲೋಡಿಂಗ್‌ಗೆ ಸೂರು ಇರುವ ಜಾಗ ಮೊದಲೇ ಕೇಳಿಟ್ಟುಕೊಳ್ಳಿ, ಪರಿಚಯದವರ ಕಾಫಿ ಗೋದಾಮಾದರೆ ಒಳ್ಳೆಯದು. ಗೇಟಿನ ಅಗಲ, ತಂತಿಯ ಎತ್ತರ, ತಿರುವಿನ ಫೋಟೋ ಕಳಿಸಿದರೆ ದರವೂ ಸರಿಯಾಗಿ ಬರುತ್ತದೆ, ಹೊರಡುವ ದಿನದ ಜಗಳವೂ ತಪ್ಪುತ್ತದೆ. ಮಂಗಳೂರು ಕಡೆಗೆ ಸಂಪಾಜೆ ಘಾಟಿಯಲ್ಲಿ ಹೋಗುವವರು ಆ ಬೆಳಿಗ್ಗೆಯೇ ವಿಚಾರಿಸಬೇಕು. 2018ರ ಆಗಸ್ಟ್‌ನ ಭೂಕುಸಿತದ ನಂತರ ಮಳೆ ಜೋರಾದಾಗ ಭಾರಿ ವಾಹನಗಳಿಗೆ ಅಲ್ಲಿ ತಡೆ ಬೀಳುವುದು ಹೊಸತಲ್ಲ.

ಉಳಿದ ವಿಷಯ ಬೇಗ ಹೇಳುತ್ತೇನೆ. ಫ್ರಿಜ್ ಒಂದು ದಿನ ಮುಂಚೆ ಆರಿಸಿ, ಒಳಗೆ ಒರೆಸಿ, ಬಾಗಿಲ ಸಂದಿಗೆ ಬಟ್ಟೆ ಮಡಿಸಿಟ್ಟು ಸ್ವಲ್ಪ ತೆರೆದೇ ಕಟ್ಟಿ, ನಿಲ್ಲಿಸಿಯೇ ಸಾಗಿಸಿ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್‌ಗೆ ಡ್ರಮ್ ಅಲುಗದಂತೆ ಹಿಡಿಯುವ ಟ್ರಾನ್ಸಿಟ್ ಬೋಲ್ಟ್ ಹಾಕದೆ ಸಾಗಿಸಿದರೆ ಡ್ರಮ್ ಕುಲುಕಿ ಸಸ್ಪೆನ್ಷನ್ ಹಾಳಾಗುತ್ತದೆ. ಆ ಬೋಲ್ಟುಗಳನ್ನು ಎಲ್ಲಿಟ್ಟಿದ್ದೀರೆಂದು ಇವತ್ತೇ ಹುಡುಕಿ. ಇನ್ವರ್ಟರ್ ಬ್ಯಾಟರಿ ನೆಟ್ಟಗೆ ನಿಲ್ಲಬೇಕು, ಟರ್ಮಿನಲ್‌ಗಳಿಗೆ ಟೇಪು. ಗ್ಯಾಸ್ ಸಿಲಿಂಡರ್ ಲಾರಿಗೆ ಹತ್ತಿಸುವಂತಿಲ್ಲ, ಏಜೆನ್ಸಿಗೆ ರೆಗ್ಯುಲೇಟರ್ ಸಮೇತ ಒಪ್ಪಿಸಿ ಟರ್ಮಿನೇಷನ್ ವೋಚರ್ (ಸಂಪರ್ಕ ಮುಗಿಸಿದ ಚೀಟಿ) ಪಡೆಯಿರಿ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಜೇನು, ಉಪ್ಪಿನಕಾಯಿ, ಮನೆಯ ವೈನು ಯಾವುದೂ ಲಾರಿಗೆ ಬೇಡ. ಒಂದು ಕಾಚಂಪುಳಿ ಬಾಟಲಿ ಸೋರಿದರೆ ಹತ್ತು ಪೆಟ್ಟಿಗೆ ಹೋಯಿತು. ಎರಡು ಮೂಟೆ ಕರಿಮೆಣಸನ್ನು ಮನೆ ಸಾಮಾನಿನ ನಡುವೆ ತುರುಕುವವರಿಗೂ ಒಂದು ಮಾತು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಚೀಟಿ) ಬೇಡ, ಸಾಮಾನಿನ ಪಟ್ಟಿ ಸಹಿ ಮಾಡಿ ಚಾಲಕನ ಕೈಗೆ ಕೊಟ್ಟರೆ ಸಾಕು. ಮೆಣಸಿನ ಮೂಟೆ ಆ ಪಟ್ಟಿಗೆ ಸೇರುವುದಿಲ್ಲ.

ಕೋವಿಯ ವಿಷಯದಲ್ಲಿ ತಮಾಷೆ ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಪರವಾನಗಿ ವಿನಾಯಿತಿ ಇದೆ ನಿಜ, ಅದು ಲಾರಿಯ ಹುಡುಗರಿಗೆ ಇಲ್ಲ. ವಾಸ ಬದಲಾಗುತ್ತಿದ್ದರೆ ವಿನಾಯಿತಿ ಪತ್ರ ಹಿಡಿದು ಜಿಲ್ಲಾಧಿಕಾರಿ ಕಚೇರಿಯಲ್ಲೋ ಠಾಣೆಯಲ್ಲೋ ಕೇಳಿಯೇ ಮುಂದುವರಿಯಿರಿ. ಐನ್‌ಮನೆಯಿಂದ (ಕೊಡವ ಕುಟುಂಬದ ಮೂಲಮನೆ) ಬಿಚ್ಚಿದ ಕಂಬ, ತೊಲೆ, ಬೀಟೆ ಹಲಗೆಗಳೂ ಹಾಗೆ. ಚೆಕ್‌ಪೋಸ್ಟ್‌ನಲ್ಲಿ ಮಂಚ ಬೇರೆ, ಬಿಡಿ ಮರ ಬೇರೆ. ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸದೆ ಹತ್ತಿಸಬೇಡಿ.

ವಿಮೆ ಮಾಡಿಸಿದ್ದೇವೆ, ಬೂಷ್ಟು ಬಂದರೂ ದುಡ್ಡು ಬರುತ್ತದೆ ಎಂದುಕೊಂಡವರು ಪಾಲಿಸಿಯನ್ನು ಒಮ್ಮೆ ಓದಬೇಕು. ಅಪಘಾತ, ಬೆಂಕಿ, ಒಡೆಯುವುದು ಒಂದು ಬಗೆ. ತೇವ, ಬೂಷ್ಟು, ಹುಳು ಸಾಮಾನ್ಯವಾಗಿ ವಿಮೆಯ ಹೊರಗೇ ಉಳಿಯುತ್ತವೆ. ಸಾಮಾನಿನ ಬೆಲೆ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಬರೆಸಿ, ಹೊರಡುವ ಮುಂಚೆ ಪ್ರತಿ ಸಾಮಾನಿನ ಹಿಂಬದಿಯದೂ ಸೇರಿ ಫೋಟೋ ತೆಗೆದಿಡಿ.

ಇನ್ನು ತಲುಪಿದ ಮೇಲೆ. ಎಷ್ಟು ಜೋಪಾನವಾಗಿ ಕಟ್ಟಿದ್ದರೂ ಎರಡು ದಿನದೊಳಗೆ ಬಿಚ್ಚಬೇಕು. ಬಣ್ಣ ಬಳಿಯುವುದು ಮುಗಿಯಲಿ, ಕಾರ್ಪೆಂಟರ್ ಬರಲಿ ಎಂದು ಕಟ್ಟಿದ ಕಪಾಟನ್ನು ತಿಂಗಳು ನಿಲ್ಲಿಸಿದರೆ ಇಷ್ಟು ಹೊತ್ತು ಪಟ್ಟ ಪಾಡೆಲ್ಲ ವ್ಯರ್ಥ. ಇಡಲು ಜಾಗವಿಲ್ಲದಿದ್ದರೆ ಹೊದಿಕೆಯನ್ನಾದರೂ ತೆಗೆದು ಬಾಗಿಲು ತೆರೆದಿಡಿ. ಬೂಷ್ಟು ಕಂಡರೆ ಮೂಗಿಗೆ ಮಾಸ್ಕ್ ಕಟ್ಟಿ, ಹೊರಗೆ ಒಯ್ದು ಬ್ರಷ್‌ನಿಂದ ತೆಗೆದು, ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಲ್ಲಿ ಒಣಗಿಸಿ. ಎಸಿ ಇರುವ ಕೋಣೆಗೆ ನೇರ ಒಯ್ಯಬೇಡಿ. ಶೇ 18ರಿಂದ ಏಕಾಏಕಿ ಇಳಿದ ಮರ ಕುಗ್ಗಿ ಜಂಟಿ ಬಿಡುತ್ತದೆ, ಅಗಲದ ಹಲಗೆ ಸೀಳುತ್ತದೆ. ಮೊದಲ ಒಂದೆರಡು ತಿಂಗಳು ಎಸಿ ಇಲ್ಲದ ಕೋಣೆಯಲ್ಲಿ ಗಾಳಿಯಾಡುವಂತೆ ಇರಲಿ. ಮಂಚದ ಬೋಲ್ಟುಗಳನ್ನು ಜೋಡಿಸುವ ದಿನ ಪೂರ್ತಿ ಬಿಗಿಯಬೇಡಿ. ಮರ ಆ ಊರಿನ ಗಾಳಿಗೆ ಹೊಂದಿಕೊಂಡು ಕುಗ್ಗಿದ ಮೇಲೆ ಸ್ಪ್ಯಾನರ್ ಹಿಡಿದು ಇನ್ನೊಂದು ಸುತ್ತು ಬಿಗಿ ಮಾಡಿ. ಕಿರುಗುಟ್ಟುತ್ತದೆ ಎಂದು ನಮಗೆ ಫೋನ್ ಮಾಡುವುದು ಆಮೇಲೆ.