ಎರಡನೆಯ ಕೈಬರಹ

ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಂಥಾಲಯ ಮೇಲ್ವಿಚಾರಕನಾಗಿದ್ದಾಗ, ಓದುಗರ ಬಳಗ ಕಟ್ಟಬೇಕೆಂದು ನಾನು ಮೊದಲು ಮಾಡಿದ್ದು ಸಭೆ ಕರೆದದ್ದು. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಅವಿರೋಧವಾಗಿ ಆಯ್ಕೆಯಾದರು. ಹಾರ ಹಾಕಿದೆವು, ಮಂಡಕ್ಕಿ ಮೆಣಸಿನಕಾಯಿ ತಿಂದೆವು, ಫೋಟೊ ತೆಗೆಸಿಕೊಂಡೆವು. ಎರಡನೆಯ ಸಭೆಗೆ ಖಜಾಂಚಿ ಒಬ್ಬರೇ ಬಂದರು, ಅದೂ ಮಂಡಕ್ಕಿಯ ಲೆಕ್ಕ ಒಪ್ಪಿಸಲು.

ಬಳಗ ಹುಟ್ಟಿದ್ದು ಪತ್ರಿಕೆಗಳ ಮೇಜಿನ ಮೇಲೆ, ದಾರಕ್ಕೆ ಪೆನ್ನು ಕಟ್ಟಿ ಇಟ್ಟಿದ್ದ 200 ಪುಟದ ನೋಟ್ ಪುಸ್ತಕದಲ್ಲಿ. ಯಾವ ಪುಸ್ತಕ ತರಿಸಬೇಕೆಂದು ಜನ ಬರೆಯಲಿ ಎಂಬುದು ಅದರ ಉದ್ದೇಶ. ಒಂದು ತಿಂಗಳು ಯಾರೂ ಬರೆಯಲಿಲ್ಲ. ಹಾಳೆ ಖಾಲಿ ಬಿಡಲು ಮನಸ್ಸಾಗದೆ ಪ್ರತಿ ಸೋಮವಾರ ಸಂಜೆ ನಾನೇ ಅರ್ಧ ಪುಟ ಬರೆಯತೊಡಗಿದೆ: ಹೊಸದಾಗಿ ಏನು ಬಂದಿದೆ, ಯಾವ ಲೇಖನವನ್ನು ತಪ್ಪದೆ ಓದಬೇಕು, ನನಗೆ ಯಾವುದು ಹಿಡಿಸಲಿಲ್ಲ. ಒಂದು ಸೋಮವಾರ ಮದುವೆಗೆ ಹೋಗಿ ಬರೆಯುವುದು ತಪ್ಪಿತು. ಮರುದಿನ ಹಾಲಿನ ಡೇರಿಯ ಹತ್ತಿರ ಒಬ್ಬರು ತಡೆದು, “ಏಕೆ ಸಾರ್, ಈ ವಾರ ಬರೆಯಲಿಲ್ಲವಲ್ಲ?” ಎಂದರು. ಅವರು ಗ್ರಂಥಾಲಯದ ಮೆಟ್ಟಿಲು ಹತ್ತುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ.

ಅಂತರ್ಜಾಲದ ಗುಂಪುಗಳ ಬಗ್ಗೆ ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಬರೆದ ಒಂದು ಅಂದಾಜು ಇದೆ. ನೂರು ಜನರಲ್ಲಿ 90 ಮಂದಿ ಓದಿ ಸುಮ್ಮನಿರುತ್ತಾರೆ, 9 ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಹೆಚ್ಚಿನದನ್ನೆಲ್ಲ ಬರೆಯುವವನು ಒಬ್ಬ. ಬಳಗ ಕಟ್ಟಲು ಹೊರಟವರು ಆ ಒಂಬತ್ತು ಮಂದಿಯನ್ನೇ ಎಣಿಸುತ್ತಾ ಕೂತು ಬೇಗ ಕೈಚೆಲ್ಲುತ್ತಾರೆ. ಡೇರಿಯ ಹತ್ತಿರ ಸಿಕ್ಕವರು ತೊಂಬತ್ತರಲ್ಲಿ ಒಬ್ಬರು. ಅವರು ಕೊನೆಯವರೆಗೂ ಒಂದಕ್ಷರ ಬರೆಯಲಿಲ್ಲ. ಆದರೆ ಪುಸ್ತಕದಲ್ಲಿ ಏನಿದೆಯೆಂದು ಅರಳಿಕಟ್ಟೆಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದವರು ಅವರೇ.

2018ರ ಮುಂಗಾರಿನಲ್ಲಿ ಯಾರೋ ಬರೆದರು: “ಮೆಕ್ಕೆಜೋಳದ ಸುಳಿಯಲ್ಲಿ ಮರದ ಹೊಟ್ಟಿನಂತೆ ಲದ್ದಿ ತುಂಬಿದೆ. ಔಷಧಿ ಹೊಡೆದರೂ ಹೋಗುತ್ತಿಲ್ಲ. ಇದು ಯಾವ ಹುಳು?” ನನಗೆ ಉತ್ತರ ಗೊತ್ತಿರಲಿಲ್ಲ, ಹಾಗಾಗಿ ಸುಮ್ಮನಿದ್ದೆ. ಆ ಅಜ್ಞಾನದಿಂದ ದೊಡ್ಡ ಉಪಕಾರವೇ ಆಯಿತು. ಮೂರನೆಯ ದಿನ ಪ್ರಶ್ನೆಯ ಕೆಳಗೆ ಇನ್ನೊಂದು ಕೈಬರಹ ಇತ್ತು. ಹುಳುವಿನ ತಲೆಯ ಮೇಲಿರುವ ತಲೆಕೆಳಗಾದ ‘ವೈ’ ಗುರುತನ್ನೂ ಬಾಲದ ಹತ್ತಿರ ಚೌಕವಾಗಿ ಕೂತ ನಾಲ್ಕು ಚುಕ್ಕೆಗಳನ್ನೂ ಪೆನ್ಸಿಲಿನಲ್ಲಿ ಬಿಡಿಸಿ, “ನಮ್ಮ ಹೊಲದಲ್ಲಿಯೂ ಇದೇ. ಫಾಲ್ ಸೈನಿಕ ಹುಳು ಅನ್ನುತ್ತಾರೆ” ಎಂದು ಬರೆದಿತ್ತು. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಅದೇ ವರ್ಷ, ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದರ ಕೆಳಗೆ ಮೂರನೆಯ ಕೈಬರಹ: ಸುಳಿಗೆ ಮರಳು ಹಾಕಿ ನೋಡಿ. ನಾಲ್ಕನೆಯದು: ಹಾಕಿದೆ, ಸಣ್ಣ ಹುಳುವಿಗೆ ಸರಿ, ಬಲಿತದ್ದಕ್ಕೆ ನಡೆಯುವುದಿಲ್ಲ.

ಜನ ನನ್ನ ಬರಹಕ್ಕೆ ಉತ್ತರ ಕೊಡುತ್ತಿದ್ದಷ್ಟು ದಿನ ಅಲ್ಲಿ ಇದ್ದದ್ದು ಒಬ್ಬ ಮೇಲ್ವಿಚಾರಕ ಮತ್ತು ಅವನ ಓದುಗರು. ಒಬ್ಬರಿಗೊಬ್ಬರು ಉತ್ತರ ಬರೆಯತೊಡಗಿದ ಮೇಲೆಯೇ ಅದನ್ನು ಬಳಗವೆಂದು ಕರೆಯಲು ನನಗೆ ಧೈರ್ಯ ಬಂದದ್ದು. ತರಬೇತಿಗಳಲ್ಲಿ ಅರಿವು ಕೇಂದ್ರದ, ಅಂದರೆ ಈಗಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ, ಕಿರಿಯ ಮೇಲ್ವಿಚಾರಕರು ಸಿಕ್ಕಾಗ ನಾನು ಹೇಳುವುದೂ ಇಷ್ಟೇ: ನಿಮಗೆ ಉತ್ತರ ಗೊತ್ತಿದ್ದರೂ ಎರಡು ದಿನ ತಡೆಯಿರಿ.

ಇದಕ್ಕೆ ಒಂದು ವಿನಾಯಿತಿ ಇದೆ. ಹುಳುವಿನ ಮಾತುಕತೆ ಬೆಳೆದ ಮೇಲೆ ಹಳಬರ ನಡುವೆ ಅಡ್ಡಹೆಸರು, ತಮಾಷೆ, ಒಳಮಾತುಗಳು ಹುಟ್ಟಿಕೊಂಡವು. ಆ ಹೊತ್ತಿಗೆ ಪಿಯುಸಿ ಹುಡುಗಿಯೊಬ್ಬಳು ಪರೀಕ್ಷೆಗೆ ಬೇಕಾದ ಪುಸ್ತಕವೊಂದನ್ನು ಕೇಳಿ ಬರೆದಿದ್ದಳು. ವಾರವಾದರೂ ಯಾರೂ ಉತ್ತರಿಸಲಿಲ್ಲ. ಅವಳು ಮತ್ತೆ ಬರೆಯಲಿಲ್ಲ. ಹೊಸಬರು ಬರೆದರೆ ಅಂದೇ ಉತ್ತರ ಕೊಡಬೇಕು, “ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ” ಎಂದಾದರೂ ಸರಿ. ಹಳಬರು ಕಾಯುತ್ತಾರೆ, ಹೊಸಬರು ಕಾಯುವುದಿಲ್ಲ. ಗ್ರಂಥಾಲಯ ಬೆಳೆಯುವ ಜೀವಿ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ತಮ್ಮ ಐದು ಸೂತ್ರಗಳಲ್ಲಿ ಕೊನೆಯದಾಗಿ ಬರೆದದ್ದನ್ನು ನಾನು ಬಹುಕಾಲ ಕಪಾಟುಗಳ ಲೆಕ್ಕದಲ್ಲಿಯೇ ಅರ್ಥ ಮಾಡಿಕೊಂಡಿದ್ದೆ.

ಜಗಳವೂ ಆಯಿತು. ಅಡಿಕೆಯೋ ಮೆಕ್ಕೆಜೋಳವೋ ಎಂಬ ವಾದ ಭದ್ರಾ ನಾಲೆಯ ನೀರಿಗೆ ತಿರುಗಿ, ಕೊನೆಗೆ ಒಬ್ಬರ ಮನೆತನದ ಮೇಲೆ ಬಂದು ನಿಂತಿತು. ಸಿಟ್ಟಿನಲ್ಲಿ ಆ ಹಾಳೆಯನ್ನೇ ಹರಿದೆ. ಹಿಂಬದಿಯಲ್ಲಿ ನಾಲ್ವರು ಬೀಜದ ಬಗ್ಗೆ ಬರೆದ ಒಳ್ಳೆಯ ಮಾತುಗಳಿದ್ದವು, ಅವೂ ಹೋದವು. ಅವರಲ್ಲಿ ಇಬ್ಬರು ಮುಂದೆ ಪೆನ್ನು ಮುಟ್ಟಲಿಲ್ಲ. ಆಮೇಲಿಂದ ಕೆಟ್ಟ ಮಾತು ಕಂಡರೆ ಆ ಒಂದು ಸಾಲನ್ನಷ್ಟೇ ಹೊಡೆದು, ಪಕ್ಕದಲ್ಲಿ ಕಾರಣ ಬರೆದು, ತಾರೀಖು ಹಾಕಿ ಸಹಿ ಮಾಡುತ್ತಿದ್ದೆ. ಹೊಡೆದವರು ಯಾರು, ಏಕೆ ಎಂದು ಗೊತ್ತಾದರೆ ಬೈಸಿಕೊಂಡವರೂ ಬೈದವರೂ ಮತ್ತೆ ಬರುತ್ತಾರೆ.

ಒಮ್ಮೆ ಜ್ವರ ಬಂದು ಎರಡು ವಾರ ಮಲಗಿದ್ದೆ. ಬೀಗದ ಕೈ ಪಂಚಾಯಿತಿಯ ಜವಾನರ ಹತ್ತಿರ ಇತ್ತು. ವಾಪಸು ಬಂದು ಪುಸ್ತಕ ತೆರೆದರೆ ಎರಡೂ ಸೋಮವಾರಗಳ ಅರ್ಧ ಪುಟ ತುಂಬಿತ್ತು, ಪೆನ್ಸಿಲಿನಲ್ಲಿ ಹುಳು ಬಿಡಿಸಿದ್ದ ಅದೇ ಕೈಬರಹದಲ್ಲಿ. ಅದರ ಹಿಂದಿನ ವಾರ ನಾನು ತಪ್ಪಾಗಿ ಬರೆದಿದ್ದ ಪುಸ್ತಕವೊಂದರ ಬೆಲೆಯನ್ನೂ ಅವರು ಹೊಡೆದು ತಿದ್ದಿದ್ದರು. ಪಕ್ಕದಲ್ಲಿ ತಾರೀಖಿತ್ತು, ಸಹಿಯೂ ಇತ್ತು.