ಡಯಲ್ ಸ್ವಲ್ಪ ಕ್ಲೀನ್ ಮಾಡಿಕೊಡಿ ಅನ್ನುವವರಿಗೆ

"ಸಾರ್, ಮಷೀನ್ ಚೆನ್ನಾಗಿದೆ. ಡಯಲ್ ಮಾತ್ರ ಸ್ವಲ್ಪ ಕ್ಲೀನ್ ಮಾಡಿಕೊಡಿ. ಹೊಸದರ ಹಾಗೆ ಆಗಬೇಕು."

ವಾಚು ರಿಪೇರಿ ಮಾಡುವ ನನ್ನ ಕಿವಿಗೆ ವಾರಕ್ಕೆ ಎರಡು ಸಲವಾದರೂ ಈ ಮಾತು ಬೀಳುತ್ತದೆ. ಜಾಸ್ತಿ ಬರುವುದು ಎಚ್‌ಎಂಟಿ ವಾಚುಗಳು. ಅಪ್ಪನ ಜನತಾ, ಮಾವ ಮದುವೆಗೆ ಕೊಟ್ಟ ಕಾಂಚನ್. ಒಮ್ಮೊಮ್ಮೆ ಸ್ವಿಸ್ ಕಂಪನಿಗಳ ಫೇವರ್ ಲೂಬಾ, ವೆಸ್ಟ್ ಎಂಡ್. ಕೇಳುವವರೆಲ್ಲ ಒಳ್ಳೆಯವರು. ವಾಚಿನ ಮೇಲಿನ ಪ್ರೀತಿಗೇ ಕೇಳುತ್ತಾರೆ. ಆದರೆ ಆ "ಕ್ಲೀನ್" ಅನ್ನುವ ಪದ ಕೇಳಿದಾಗ ನನಗೆ ಸಂಕಟವಾಗುತ್ತದೆ.

ಡಯಲ್ ಅಂದರೆ ಒಂದು ತೆಳು ಹಿತ್ತಾಳೆ ತಗಡು. ಅದರ ಮೇಲೆ ಬೆಳ್ಳಿ ಲೇಪವೋ ಬಣ್ಣವೋ ಇರುತ್ತದೆ. ಅದರ ಮೇಲೆ ಅಚ್ಚು ಹಾಕಿದ ಹೆಸರು, ನಿಮಿಷದ ಗೆರೆಗಳು. ಹಲವು ಡಯಲ್‌ಗಳಲ್ಲಿ ಇದರ ಜೊತೆಗೆ ಗಾಜಿನಂಥ ಲ್ಯಾಕರ್ ಪದರ. ತಗಡು ಸೇರಿದರೂ ಎಲ್ಲ ಒಟ್ಟು ಅರ್ಧ ಮಿಲಿಮೀಟರ್ ಆಸುಪಾಸು, ಅಷ್ಟೇ. ನಿಮಗೆ ಕಾಣುವ ಹಳದಿ ಬಣ್ಣ ಮೇಲೆ ಕೂತ ಕೊಳೆಯಲ್ಲ. ಆ ಲ್ಯಾಕರೇ ವಯಸ್ಸಾಗಿ ಹಳದಿಯಾಗಿದೆ. ಅಂಚಿನ ಕಪ್ಪು ಚುಕ್ಕೆಗಳೂ ಕೊಳೆಯಲ್ಲ. ಬೆವರು, ಮಳೆಯ ತೇವ ಒಳಗೆ ಹೋಗಿ ಲೋಹವನ್ನೇ ತಿಂದಿದೆ. ಒರೆಸಿದರೆ ಕೆಳಗೆ ಬೆಳ್ಳಗಿನ ಡಯಲ್ ಸಿಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಕೆಳಗೆ ಇರುವುದು ಬರೀ ಹಿತ್ತಾಳೆ.

ಇದನ್ನೇ ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಾತ್ರೆಗೆ ಕಲಾಯಿ ಹಾಕಿಸಿದರೆ ಪಾತ್ರೆ ಅದೇ ಇರುತ್ತದೆ, ಹೊಳಪು ಮಾತ್ರ ಹೊಸದು. ಡಯಲ್‌ನಲ್ಲಿ ಹಾಗಲ್ಲ. ಅಲ್ಲಿ ಮೇಲಿನ ಪದರವೇ ಡಯಲ್. "ಕ್ಲೀನ್" ಮಾಡುವವರು ಮೊದಲು ರಾಸಾಯನಿಕ ಹಾಕಿ ಬಣ್ಣ, ಅಕ್ಷರ ಎಲ್ಲ ತೆಗೆಯುತ್ತಾರೆ. ಹಿತ್ತಾಳೆ ಉಜ್ಜುತ್ತಾರೆ. ಹೊಸ ಬಣ್ಣ ಸ್ಪ್ರೇ ಮಾಡಿ, ಹೊಸ ಅಚ್ಚಿನಿಂದ ಹೆಸರು ಹಾಕುತ್ತಾರೆ. ಅಂದರೆ ನಿಮ್ಮ ಅಪ್ಪ ದಿನಾ ಬೆಳಿಗ್ಗೆ ಕೀ ಕೊಡುವಾಗ ನೋಡುತ್ತಿದ್ದ ಮುಖ ಹತ್ತಿಯಲ್ಲಿ ಒರೆಸಿಹೋಯಿತು. ಮತ್ತೆ ತರುವ ದಾರಿಯಿಲ್ಲ. ಮೇನ್ ಸ್ಪ್ರಿಂಗ್ ಮುರಿದರೆ ಬೇರೆ ಹಾಕಬಹುದು. ಗ್ಲಾಸು ಗೀರಿದರೆ ಬದಲಾಯಿಸಬಹುದು. ಡಯಲ್ ಒಂದು ಸಲ ಉಜ್ಜಿದರೆ ಮುಗಿಯಿತು.

ತುಮಕೂರು ಕಡೆಯ ಒಬ್ಬ ಹಿರಿಯ ಹೆಂಗಸು ಯಜಮಾನರ ಜನತಾ ತಂದಿದ್ದರು. ಹಿಂದಿ ಅಕ್ಷರದ ಡಯಲ್. ಬೇರೆ ಕಡೆ ಸರ್ವಿಸ್‌ಗೆ ಕೊಟ್ಟಾಗ ಡಯಲನ್ನೂ ಹೊಸದು ಮಾಡಿಕೊಟ್ಟಿದ್ದರಂತೆ, ಕೇಳದೇನೇ. ಕಣ್ಣಿಗೆ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಹಾಕಿ ನೋಡಿದೆ. ಅಕ್ಷರಗಳ ತಲೆಗೆರೆ ಅಲ್ಲಲ್ಲಿ ತುಂಡಾಗಿತ್ತು, ಶಾಯಿ ಅಂಚಿನಲ್ಲಿ ಹರಡಿತ್ತು. ನಿಮಿಷದ ಗೆರೆಗಳು ಗಂಟೆಯ ಗುರುತುಗಳ ನೇರಕ್ಕೆ ಬಂದಿರಲಿಲ್ಲ. ಆ ತಾಯಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರು ಬೆರಳಿಟ್ಟು ತೋರಿಸಿದ್ದು 4ರ ಪಕ್ಕದ ಖಾಲಿ ಜಾಗ. "ಇಲ್ಲೊಂದು ಗೀರು ಇತ್ತಪ್ಪ. ಮದುವೆಯಾದ ಹೊಸದರಲ್ಲಿ ನಾನೇ ಕೈಜಾರಿ ಬೀಳಿಸಿ ಗ್ಲಾಸು ಒಡೆದಿತ್ತು. ಇದು ಅವರ ವಾಚೇ ತಾನೇ?" ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಯಾವುದೋ ಹಳೇ ರಿಪೇರಿಯವರು ಸೂಜಿಯಲ್ಲಿ ಗೀಚಿದ ತಾರೀಖಿತ್ತು. ಅದನ್ನು ತೋರಿಸಿ, ಅವರದೇ ಅಮ್ಮಾ ಅಂದೆ. ಮುಚ್ಚಳ ಅವರದೇ, ಮಷೀನ್ ಅವರದೇ. ಡಯಲ್ ಬಗ್ಗೆ ಮಾತ್ರ ನನ್ನ ಬಾಯಿಂದ ಏನೂ ಬರಲಿಲ್ಲ.

ಹಾಗಾದರೆ ಮರು ಬಣ್ಣ ಹಾಕಿದ ಡಯಲ್ ಎಂದೂ ಬೇಡವೇ? ಹಾಗೆ ಹೇಳಲಾರೆ. ಒಂದು ಕಾಲದಲ್ಲಿ ಇದು ಹಲವು ದೇಶಗಳಲ್ಲಿ ಮಾಮೂಲಿ ಸರ್ವಿಸ್ ಆಗಿತ್ತು. 1950, 60ರ ದಶಕದಲ್ಲಿ ವಾಚು ಅಂದರೆ ಟೈಮ್ ನೋಡುವ ಸಾಮಾನು. ಅಕ್ಷರ ಮಾಸಿದರೆ ಮತ್ತೆ ಬರೆಸುತ್ತಿದ್ದರು, ಅದರಲ್ಲಿ ಮೋಸವೇನೂ ಇರಲಿಲ್ಲ. ಹಿತ್ತಾಳೆ ಕಾಣುವಷ್ಟು ಹಾಳಾಗಿದ್ದರೆ, ವಾಚು ನೀವೇ ಕಟ್ಟಿಕೊಳ್ಳುವುದಾದರೆ, ಈಗಲೂ ಮಾಡಿಸಬಹುದು. ಆದರೆ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ಮಾದರಿಯ ಕೆಟ್ಟ ವಾಚಿನಿಂದ ಒರಿಜಿನಲ್ ಡಯಲ್ ಸಿಗುತ್ತದಾ ಅಂತ ಮೊದಲು ಹುಡುಕಿ. ಸಿಕ್ಕಿದರೆ ಹಳೆಯದನ್ನು ಚೀಟಿಯಲ್ಲಿ ಸುತ್ತಿ ಇಟ್ಟುಕೊಳ್ಳಿ, ಎಸೆಯಬೇಡಿ. ಮುಂದೆ ಯಾವತ್ತಾದರೂ ಮಾರುವಾಗ ಬಿಲ್ಲಿನಲ್ಲಿ "ಡಯಲ್ ರೀಪೇಂಟ್" ಅಂತ ಬರೆದುಕೊಡಿ. ನನ್ನ ತಕರಾರು ಬಣ್ಣದ ಮೇಲಲ್ಲ, ಹೇಳದೇ ಮಾರುವುದರ ಮೇಲೆ.

ಸಂಗ್ರಹಕ್ಕೆ ಕೊಳ್ಳುವವರಿಗೆ ಮಾತ್ರ ನನ್ನ ಉತ್ತರ ಬೇರೆ. ಬೆಲೆಯ ದೊಡ್ಡ ಪಾಲು ಡಯಲ್‌ನಲ್ಲೇ ಇರುತ್ತದೆ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 1.77 ಕೋಟಿ ಡಾಲರಿಗೆ ಹೋಯಿತು. ಅವರು ಕಟ್ಟಿದ್ದು ಒಂದು ಕಾರಣ, ನಿಜ. ಆದರೆ ಬೇರೆ ಯಾರೋ ಕಟ್ಟಿದ ಅದೇ ಬಗೆಯ ಡಯಲ್‌ನ ಡೇಟೋನಾಕ್ಕೂ ಮಾಮೂಲಿ ಡಯಲ್‌ಗಿಂತ ಎಷ್ಟೋ ಪಟ್ಟು ಬೆಲೆ. ಮಷೀನ್ ಎರಡರಲ್ಲೂ ಒಂದೇ.

ಅಷ್ಟು ದೂರ ಯಾಕೆ, ನಮ್ಮ ಎಚ್‌ಎಂಟಿಯನ್ನೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಅದರ ವಾಚು ಕಾರ್ಖಾನೆ ಶುರುವಾಯಿತು, ಆಮೇಲೆ ತುಮಕೂರಿಗೂ ಬಂತು. 2016ರಲ್ಲಿ ಸರ್ಕಾರ ಆ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಆ ಕಾರ್ಖಾನೆಗಳ ಅಚ್ಚಿನ ಡಯಲ್‌ಗಳು ಇನ್ನು ಕಡಿಮೆಯಾಗುತ್ತವೆಯೇ ಹೊರತು ಹೆಚ್ಚಾಗುವುದಿಲ್ಲ. ಹೀಗಿರುವಾಗ ಆನ್‌ಲೈನಿನಲ್ಲಿ ಕೆಂಪು, ಹಸಿರು, ಕಿತ್ತಳೆ ಬಣ್ಣದ ಡಯಲ್‌ನ ಎಚ್‌ಎಂಟಿ ಪೈಲಟ್ ವಾಚು ತರಿಸಿ ಹುಡುಗರು "ಹಳೇ ಸ್ಟಾಕ್ ಸಾರ್, ಪೆಟ್ಟಿಗೆಯಲ್ಲೇ ಇತ್ತಂತೆ" ಅಂತ ತೋರಿಸುತ್ತಾರೆ. ಅವರ ಮುಖದ ಸಂತೋಷ ನೋಡಿ, ಇದು ಮರು ಬಣ್ಣ ಹಾಕಿದ ಡಯಲ್ ಅಂತ ಹೇಳುವುದಕ್ಕೆ ಕಷ್ಟವಾಗುತ್ತದೆ. ಆದರೂ ಹೇಳುತ್ತೇನೆ.

ಕೊಳ್ಳುವ ಮೊದಲು ಡಯಲ್ ಹತ್ತಿರದಿಂದ ತೆಗೆದ ಫೋಟೋ ಕೇಳಿ. ಕೇಸು, ಕ್ರೌನು ಸವೆದು ಡಯಲ್ ಮಾತ್ರ ಫಳಫಳ ಅಂದರೆ ಅನುಮಾನ ಇರಲಿ. ಮುಳ್ಳಿನ ಮೇಲಿನ, ಕತ್ತಲಲ್ಲಿ ಹೊಳೆಯುವ ಬಣ್ಣ ಕಂದಾಗಿದ್ದು ಡಯಲ್‌ನದು ಹಾಲಿನ ಹಾಗಿದ್ದರೂ ಅಷ್ಟೇ. ಸ್ವಿಸ್ ವಾಚಾದರೆ 6ರ ಕೆಳಗಿನ "ಸ್ವಿಸ್ ಮೇಡ್" ಅನ್ನುವ ಸಣ್ಣ ಅಕ್ಷರ ನೋಡಿ, ರೀಪೇಂಟ್ ಮಾಡುವವರು ಎಷ್ಟೋ ಸಲ ಅದನ್ನು ಬಿಟ್ಟುಬಿಡುತ್ತಾರೆ. ಇದರಲ್ಲಿ ಯಾವುದೋ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಡಯಲ್ ಬಿಚ್ಚಿ ಹಿಂಭಾಗ ನೋಡದೆ ನಾನೂ ಖಚಿತವಾಗಿ ಹೇಳುವುದಿಲ್ಲ.

ಇನ್ನೊಂದು ಎಚ್ಚರಿಕೆ. 1960ರ ದಶಕದವರೆಗಿನ ಕತ್ತಲಲ್ಲಿ ಹೊಳೆಯುವ ಡಯಲ್‌ಗಳಲ್ಲಿ ರೇಡಿಯಂ ಇರಬಹುದು. ಈಗ ಹೊಳೆಯುತ್ತಿಲ್ಲ ಅಂದರೆ ರೇಡಿಯಂ ಹೋಯಿತು ಅಂತಲ್ಲ. ಅದು ಅರ್ಧ ಕರಗುವುದಕ್ಕೆ ಸುಮಾರು 1,600 ವರ್ಷ ಬೇಕು. ಸತ್ತಿರುವುದು ಅದರ ಜೊತೆ ಬೆರೆಸಿದ ಹೊಳಪಿನ ಪುಡಿ ಮಾತ್ರ. ಮನೆಯಲ್ಲಿ ಬ್ಲೇಡಿನಿಂದ ಕೆರೆಯಬೇಡಿ, ಆ ಧೂಳು ಒಳಗೆ ಹೋಗಬಾರದು.

ರೇಡಿಯಂ ಅಂದಾಗ ನೆನಪಾಯಿತು. ಕೊಡಗಿನ ಹುಡುಗನೊಬ್ಬ ಸೈನ್ಯದಲ್ಲಿದ್ದ ಅಜ್ಜನ ವೆಸ್ಟ್ ಎಂಡ್ ತಂದಿದ್ದ. ನಿಂತು ಎಷ್ಟೋ ವರ್ಷವಾಗಿತ್ತು. "ಸಾರ್, ಡಯಲ್ ಮೇಲೆ ಕಂದು ಕಲೆ ಬಿದ್ದಿದೆ, ತೆಗೆದುಬಿಡಿ" ಅಂದ. ಮುಳ್ಳುಗಳನ್ನು ತೆಗೆದು ಅವನ ಕಣ್ಣಿಗೆ ಲೂಪ್ ಕೊಟ್ಟೆ. ಆ ಕಲೆ ಮುಳ್ಳುಗಳ ಆಕಾರದಲ್ಲೇ ಇತ್ತು. ಒಂದೇ ಜಾಗದಲ್ಲಿ ನಿಂತ ಮುಳ್ಳುಗಳ ರೇಡಿಯಂ ಡಯಲನ್ನು ಅಷ್ಟು ವರ್ಷ ನಿಧಾನವಾಗಿ ಸುಟ್ಟಿತ್ತು. ನಾಲ್ಕು ಗಂಟೆ ಹತ್ತು ನಿಮಿಷ. ಅವನು ತುಂಬಾ ಹೊತ್ತು ಕಣ್ಣಿನಿಂದ ಲೂಪ್ ತೆಗೆಯಲಿಲ್ಲ. ಆಮೇಲೆ, "ಮಷೀನ್ ಸರ್ವಿಸ್ ಮಾಡಿ ಸಾರ್, ಡಯಲ್ ಹಾಗೇ ಇರಲಿ" ಅಂದ. ಮುಳ್ಳುಗಳನ್ನು ಮತ್ತೆ ಕೂರಿಸಿ ನಾಲ್ಕು ಹತ್ತಕ್ಕೆ ತಿರುಗಿಸಿದೆ. ನೆರಳಿನ ಮೇಲೆ ಸರಿಯಾಗಿ ಕೂತವು. ಆಮೇಲೆ ಕೀ ಕೊಟ್ಟೆ.