ಓದುಗರ ಪ್ರಶ್ನೆ: ಬಾವಿ ನೀರು ಯೂನಿವರ್ಸಿಟಿ ಲ್ಯಾಬಿಗೆ ಕೊಟ್ಟರೆ ಏನೇನು ಸೇರಿದೆ ಎಂದು ಗೊತ್ತಾಗುತ್ತದಲ್ಲ?

ಪ್ರಶ್ನೆ ಹೀಗಿದೆ: "ನಮ್ಮ ಬಾವಿಗಿಂತ ಮೇಲೆ ಕೋಳಿ ಫಾರ್ಮ್ ಇದೆ, ಅದರಾಚೆ ಹಳೆಯ ಗೇರು ತೋಟ. ಯೂನಿವರ್ಸಿಟಿಯ ಮಕ್ಕಳು ಸರ್ವೆಗೆ ಬಂದಿದ್ದಾರೆ. ಅವರ ಕೈಯಲ್ಲಿ ಒಂದು ಬಾಟಲಿ ನೀರು ಕೊಟ್ಟರೆ ಅದರಲ್ಲಿ ಇರುವುದೆಲ್ಲ ಗೊತ್ತಾಗುತ್ತದಲ್ಲ? ಆ ವರದಿ ಹಿಡಿದು ಕೇಸು ಹಾಕಬಹುದಲ್ಲ?"

ಗೊತ್ತಾಗುವುದಿಲ್ಲ. ಕೇಸು ಹಾಕಬಹುದು, ಆದರೆ ಆ ಒಂದು ವರದಿಯ ಬಲದಿಂದ ಗೆಲ್ಲುವುದು ಕಷ್ಟ.

ಹೆಸರು, ಊರು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಈ ಬಾರಿ ಬುಡದಿಂದಲೇ ಹೇಳುತ್ತೇವೆ. ಲ್ಯಾಬಿನ ಯಂತ್ರಕ್ಕೆ "ಇದರಲ್ಲಿ ಏನಿದೆ" ಎಂದು ಕೇಳಲು ಬರುವುದಿಲ್ಲ. "ಇದರಲ್ಲಿ ನೈಟ್ರೇಟ್ ಎಷ್ಟಿದೆ" ಎಂದು ಕೇಳಬೇಕು. ದಿನಸಿ ಅಂಗಡಿಗೆ ಹೋಗಿ "ಸಾಮಾನು ಕೊಡಿ" ಎಂದರೆ ಅಂಗಡಿಯವರು ಏನು ಕಟ್ಟಿಕೊಡಬೇಕು? ಒಂದೊಂದು ವಸ್ತುವಿಗೆ ಒಂದೊಂದು ವಿಧಾನ, ಒಂದೊಂದು ಬಾಟಲಿ, ಒಂದೊಂದು ಗಡುವು.

ಕೋಳಿ ಫಾರ್ಮಿನ ಗೊಬ್ಬರದ ಅನುಮಾನವಿದ್ದರೆ ನೋಡಬೇಕಾದ್ದು ನೈಟ್ರೇಟ್ ಮತ್ತು ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ ಇ. ಕೋಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮೀರುವಂತಿಲ್ಲ. 100 ಮಿಲಿ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಇ. ಕೋಲಿಗೆ ಸ್ಟೆರೈಲ್ ಬಾಟಲಿ ಬೇಕು. ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಸಾಧ್ಯವಾದರೆ 6 ಗಂಟೆಯೊಳಗೆ, ಹೆಚ್ಚೆಂದರೆ 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ತೊಳೆದ ಕೋಲಾ ಬಾಟಲಿಯಲ್ಲಿ ತುಂಬಿಸಿ ಎರಡು ದಿನ ಜಗಲಿಯಲ್ಲಿಟ್ಟ ನೀರಿನಿಂದ ಬಾವಿಯ ವಿಷಯ ಏನೂ ತಿಳಿಯದು. ಇನ್ನೊಂದು ಎಡವಟ್ಟು: "ನಾಳೆ ಪರೀಕ್ಷೆಗೆ ಬರುತ್ತಾರೆ" ಎಂದು ಮರ್ಯಾದೆಗೆ ಹೆದರಿ ಹಿಂದಿನ ರಾತ್ರಿಯೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು. ಹಾಕಿದ್ದರೆ ಹಾಕಿದ್ದೇವೆಂದು ಹೇಳಿ, ದಿನ ಬಿಟ್ಟು ಬರುತ್ತಾರೆ.

ಲೋಹಗಳಿಗಾದರೆ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ, ನೀರಿಗೆ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 2ಕ್ಕಿಂತ ಕೆಳಗೆ ಇಳಿಸಬೇಕು. ಕೀಟನಾಶಕಕ್ಕೆ ಪ್ಲಾಸ್ಟಿಕ್ ಬೇಡವೇ ಬೇಡ. ಅದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ನೀರಿನಲ್ಲಿ ಕಡಿಮೆ ಕಾಣಿಸುತ್ತದೆ. ಕಂದು ಗಾಜಿನ 1 ಲೀಟರ್ ಬಾಟಲಿ ಬೇಕು, ಅದನ್ನು ಅದೇ ನೀರಿನಿಂದ ಮೊದಲು ಕುಲುಕಿ ಚೆಲ್ಲಬಾರದು. 4 ಡಿಗ್ರಿಯಲ್ಲಿಟ್ಟು 7 ದಿನದೊಳಗೆ ಲ್ಯಾಬಿನಲ್ಲಿ ದ್ರಾವಕಕ್ಕೆ ಇಳಿಸಬೇಕು. ಈ ಮೂರೂ ಒಂದೇ ಬಾಟಲಿಯಲ್ಲಿ ಆಗುವ ಕೆಲಸವಲ್ಲ.

ಇನ್ನು ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್. ಕಾಸರಗೋಡಿನ ಪಡ್ರೆ, ಎಣ್ಮಕಜೆ ಕಡೆಯವರಿಗೆ ಹೆಲಿಕಾಪ್ಟರ್ ಸಿಂಪಡಣೆಯ ಕಥೆ ಹೊಸದಾಗಿ ಹೇಳಬೇಕಿಲ್ಲ. ಆದರೆ "ವರದಿಯಲ್ಲಿ ಪತ್ತೆಯಾಗಿಲ್ಲ ಎಂದು ಬಂದಿದೆ, ಹಾಗಾದರೆ ಏನೂ ಆಗಿಲ್ಲ ಅಂತಲೇ?" ಎಂದು ಕೇಳುವವರಿಗೆ ಎರಡು ಮಾತು. ಒಂದು, ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದೇ ಕಡಿಮೆ. ಮಣ್ಣಿಗೂ ತೋಡಿನ ತಳದ ಕೆಸರಿಗೂ ಹಿಡಿದುಕೊಳ್ಳುತ್ತದೆ. ಸಿಂಪಡಣೆ ನಿಂತದ್ದು 2000ದ ಸುಮಾರಿಗೆ. ಇಷ್ಟು ವರ್ಷ ಕಳೆದ ಮೇಲೆ ಬಾವಿ ನೀರಿನಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ. ಅಂದು ಬಿದ್ದೇ ಇರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯೂ ಅಲ್ಲ. ಎರಡು, ಮಾನಕದ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ. ಲ್ಯಾಬಿನ ಯಂತ್ರಕ್ಕೆ 1 ಮೈಕ್ರೋಗ್ರಾಂಗಿಂತ ಕೆಳಗೆ ಕಾಣಿಸುವುದೇ ಇಲ್ಲವಾದರೆ, ಮಿತಿಯ ಎರಡು ಪಾಲು ಇದ್ದರೂ ವರದಿ "ಪತ್ತೆಯಾಗಿಲ್ಲ" ಎಂದೇ ಬರುತ್ತದೆ. ಆದ್ದರಿಂದ ವರದಿ ಕೈಗೆ ಬಂದಾಗ ಮೊದಲು ಕೇಳಬೇಕಾದ್ದು: ನಿಮ್ಮ ಪತ್ತೆ ಮಿತಿ ಎಷ್ಟು? ಈ ಅಂಕಿ ಬರೆಯದ ವರದಿಯನ್ನು ವಾಪಸ್ ಕೊಡಿ, ಸಂಕೋಚ ಬೇಡ.

ಇದರ ತಿರುಗುಮುರುಗು ಪಿಎಚ್ ಗಲಾಟೆ. ಮಿತಿ 6.5ರಿಂದ 8.5. ನಮ್ಮ ಮುರಕಲ್ಲಿನ ಬಾವಿಗಳಲ್ಲೂ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಲ್ಲೂ ಅದಕ್ಕಿಂತ ಕೆಳಗಿನ ಪಿಎಚ್ ಸಹಜವಾಗಿಯೇ ಇರುತ್ತದೆ. 5.8 ಎಂದು ಕಂಡ ಕೂಡಲೇ "ಆಸಿಡ್ ಬಿಟ್ಟಿದ್ದಾರೆ" ಎಂದು ಪತ್ರಿಕೆಗೆ ಫೋನ್ ಮಾಡಿದರೆ ನಗೆಪಾಟಲಾಗುವುದು ನಮ್ಮ ಕಡೆಯೇ. ತಾಮ್ರ ಹೆಚ್ಚಿದ್ದರೆ ಮೊದಲು ನಮ್ಮದೇ ಅಡಿಕೆ ತೋಟದ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಲೆಕ್ಕ ನೋಡಿ: ಕೊಳೆರೋಗಕ್ಕೆ ಹೊಡೆಯುವ 100 ಲೀಟರ್ ಬೋರ್ಡೋ ದ್ರಾವಣಕ್ಕೆ 1 ಕಿಲೋ, ಅದೂ ಮಳೆಗಾಲದಲ್ಲಿ. ಇ. ಕೋಲಿ ಕಂಡರೆ ಶೌಚಗುಂಡಿಯಿಂದ ಬಾವಿಗೆ ಕೇರಳದ ಕಟ್ಟಡ ನಿಯಮ ಹೇಳುವ 7.5 ಮೀಟರ್ ಅಂತರ ಇದೆಯೇ ಎಂದು ಟೇಪು ಹಿಡಿದು ಅಳೆಯಿರಿ. ಇದಕ್ಕೇ ಅನುಮಾನದ ಮೂಲಕ್ಕಿಂತ ಮೇಲಿನ ಒಂದೆರಡು ಬಾವಿಗಳ ನೀರನ್ನೂ ಅದೇ ದಿನ ತೆಗೆಯಬೇಕು. ಮೇಲಿನದ್ದು ಸರಿಯಿದ್ದು ಕೆಳಗಿನದ್ದು ಕೆಟ್ಟಿದ್ದರೆ ಮಾತ್ರ ಫಾರ್ಮಿನತ್ತ ಬೆರಳು ತೋರಿಸಬಹುದು.

ಯಾವ ಬಾವಿ ಮೇಲು, ಯಾವುದು ಕೆಳಗು, ಯಾವ ತೋಡು ಯಾವ ತಿಂಗಳಲ್ಲಿ ನಾರುತ್ತದೆ ಎಂಬುದು ಊರಿನವರಿಗೆ ಗೊತ್ತು, ಪ್ರೊಫೆಸರಿಗಲ್ಲ. ನಕ್ಷೆ ನೀವು ಹಾಕಿ, ಬಾಟಲಿ ವಿದ್ಯಾರ್ಥಿಗಳು ಹಿಡಿಯಲಿ, ಪತ್ತೆ ಮಿತಿಗೆ ಅಧ್ಯಾಪಕರು ಸಹಿ ಹಾಕಲಿ. ಮಳೆಗೆ ಮುಂಚೆ ಮೇ ತಿಂಗಳಲ್ಲೊಮ್ಮೆ, ಮಳೆ ನಿಂತ ಮೇಲೆ ನವೆಂಬರಿನಲ್ಲೊಮ್ಮೆ ನೀರು ತೆಗೆಯಬೇಕು. ತೊಡಕು ಇಲ್ಲೇ: ಬಾವಿಯಲ್ಲಿ ನೀರು ತಳ ಹಿಡಿಯುವ ಹೊತ್ತಿಗೆ ಸೆಮಿಸ್ಟರ್ ಮುಗಿದು ಮಕ್ಕಳು ಊರಿಗೆ ಹೋಗಿರುತ್ತಾರೆ. ಮೇ ತಿಂಗಳಿಗೆ ಯಾರು ಬರುತ್ತಾರೆ ಎಂದು ಜನವರಿಯಲ್ಲೇ ಗಟ್ಟಿ ಮಾಡಿಕೊಳ್ಳಿ.

ಇನ್ನು ಕೇಸಿನ ವಿಷಯ. 1974ರ ಜಲ ಕಾಯಿದೆಯ 21ನೇ ಸೆಕ್ಷನ್ನಿನ ಪ್ರಕಾರ, ಕಾರ್ಖಾನೆಯೋ ಫಾರ್ಮೋ ಹೊರಬಿಡುವ ನೀರಿನ ಮಾದರಿ ಸಾಕ್ಷ್ಯವಾಗಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಟಿಸು ಕೊಟ್ಟು, ಮೊಹರು ಹಾಕಿ, ಕ್ರಮವಾಗಿ ತೆಗೆದಿರಬೇಕು. ವಿದ್ಯಾರ್ಥಿಗಳ ವರದಿಯ ಕೆಲಸ ಮಂಡಳಿಯನ್ನು ಅಲ್ಲಿಗೆ ಕರೆತರುವುದು. ಪರಿಸರದ ಕೇಸುಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗುವುದಾದರೆ ಗಡುವು ಮರೆಯಬೇಡಿ: ವಿವಾದದ ಅರ್ಜಿಗೆ 6 ತಿಂಗಳು, ಪರಿಹಾರದ ಅರ್ಜಿಗೆ 5 ವರ್ಷ, ತಕ್ಕ ಕಾರಣವಿದ್ದರೆ ಮತ್ತೆ 60 ದಿನ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇವೆ: ದೂರನ್ನು ಕನ್ನಡದಲ್ಲೇ ಬರೆಯಬಹುದು. ಮಲೆಯಾಳ ಬಾರದೆಂದು ಸುಮ್ಮನಾದವರು ಬಹಳ ಮಂದಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಯ ಸರಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು. ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆನ್ನುವ ಸಂವಿಧಾನದ 350ನೇ ವಿಧಿಯೂ ಬೆನ್ನಿಗಿದೆ. ಹಸಿರು ನ್ಯಾಯಮಂಡಳಿಗೆ ಮಾತ್ರ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಅದನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಿ. ಮನೆಮನೆಯ ಫಲಿತಾಂಶವನ್ನೂ ಕನ್ನಡದಲ್ಲೇ, ಪ್ರಬಂಧ ಅಚ್ಚಾಗುವ ಮುಂಚೆ ಬಾವಿಯ ಯಜಮಾನರ ಕೈಗೆ ಕೊಡಬೇಕೆಂದು ಮೊದಲ ದಿನವೇ ಬರೆಸಿಕೊಳ್ಳಿ.